ಮಳೆಗಾಲದಲ್ಲೂ ತರಗತಿಯ ಕಿಟಕಿ ಯಾಕೆ ತೆರೆದಿರುತ್ತದೆ: ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ತೀರ್ಥಹಳ್ಳಿ ತಾಲ್ಲೂಕು

ಪ್ರೀತಿಯ ಪೋಷಕರೇ,

ನಮಸ್ಕಾರ. ಮಳೆ ಹಿಡಿದ ಮೇಲೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಒಂದೇ ಮಾತು ಕೇಳಿದ್ದೀರಿ. "ಮೇಡಂ, ಇಷ್ಟು ಥಂಡಿಯಲ್ಲಿ ಕಿಟಕಿ ಯಾಕೆ ತೆಗೆದಿಡ್ತೀರಿ? ಮಕ್ಕಳಿಗೆ ಶೀತ ಆಗಲ್ವಾ?" ನಮ್ಮ ಕಡೆಯ ಮಳೆ ಕಂಡ ಯಾರಾದರೂ ಕೇಳುವ ಪ್ರಶ್ನೆಯೇ ಅದು. ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಮುಗಿಸುವ ಉತ್ತರ ಅಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಒಬ್ಬ ಮಗು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಪದ್ಯ ಹೇಳಿದಾಗಲೂ ಸಣ್ಣ ಸಣ್ಣ ಹನಿ ಗಾಳಿಗೆ ಸೇರುತ್ತವೆ. ಕಿಟಕಿ ತೆರೆದಿದ್ದರೆ ಅವು ಹೊರಗೆ ಹೋಗುತ್ತವೆ. ಮುಚ್ಚಿದ್ದರೆ ಅಲ್ಲೇ ತೇಲುತ್ತಾ ಪಕ್ಕದ ಬೆಂಚಿನವರ ಉಸಿರಿಗೆ ಸೇರುತ್ತವೆ. ಕೊರೊನಾ ಕಾಲದಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ದಡಾರ, ಕ್ಷಯ ಹರಡುವುದೂ ಗಾಳಿಯಿಂದಲೇ. ಮಳೆಗಾಲದಲ್ಲಿ ಒಬ್ಬರಿಂದ ಇಡೀ ತರಗತಿಗೆ ನೆಗಡಿ ಹಬ್ಬುವುದಕ್ಕೆ ಎಲ್ಲರೂ ಬಾಗಿಲು ಹಾಕಿಕೊಂಡು ಒಟ್ಟಿಗೆ ಕೂರುವುದು ಒಂದು ದೊಡ್ಡ ಕಾರಣ.

ಮುಚ್ಚಿದ ಕೋಣೆಯಲ್ಲಿ ನಾವು ಬಿಟ್ಟ ಉಸಿರು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ಮೊನ್ನೆ ಏಳನೇ ತರಗತಿಯಲ್ಲಿ ಲೆಕ್ಕ ಮಾಡಿಸಿದೆ. ಮಕ್ಕಳು ಟೇಪ್ ಹಿಡಿದು ಕೋಣೆ ಅಳೆದರು. ಉದ್ದ 20 ಅಡಿ, ಅಗಲ 20 ಅಡಿ, ಎತ್ತರ 10 ಅಡಿ. 4,000 ಘನ ಅಡಿ ಅಂದರೆ ಸುಮಾರು 1,13,000 ಲೀಟರ್ ಗಾಳಿ. ಈ ವಯಸ್ಸಿನ ಮಗು ಸುಮ್ನೆ ಕೂತು ಪಾಠ ಕೇಳುವಾಗಲೂ ಗಂಟೆಗೆ ಹತ್ತಿರ ಹತ್ತಿರ 10 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. 30 ಮಕ್ಕಳಾದರೆ 300 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಇರುತ್ತದೆ. ಕೋಣೆಯೊಳಗೆ ಅದು 1,000 ದಾಟಿದರೆ ಗಾಳಿಯ ಓಡಾಟ ಸಾಲದು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಒಂದು ಸಂದೂ ಬಿಡದೆ ಮುಚ್ಚಿದರೆ ಎಷ್ಟು ಹೊತ್ತಿಗೆ ದಾಟುತ್ತದೆ? ಬೋರ್ಡ್ ಮೇಲೆ ಬಂದ ಉತ್ತರ, ಸುಮಾರು 13 ನಿಮಿಷ. ಒಂದು ಪೀರಿಯಡ್ಡಿನ ಅರ್ಧವೂ ಅಲ್ಲ! ನಿಜವಾದ ಕೋಣೆಯಲ್ಲಿ ಸಂದುಗೊಂದು ಇರುವುದರಿಂದ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ. ಮಧ್ಯಾಹ್ನದ ಮೇಲೆ ಮಕ್ಕಳು ತೂಕಡಿಸುವುದು, ತಲೆನೋವು ಅನ್ನುವುದು ಊಟದ ಭಾರದಿಂದ ಮಾತ್ರ ಅಲ್ಲ.

ನಮ್ಮ ಹಳೇ ಕಟ್ಟಡದಲ್ಲಿ ಈ ತೊಂದರೆ ಕಡಿಮೆ. ಅದು ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರಲ್ಲ, ಆ ಮಾದರಿಯ ಹೆಂಚು. ಹೆಂಚಿನ ಸಂದಿನಲ್ಲಿ ಬಿಸಿಗಾಳಿ ತಾನಾಗಿ ಮೇಲೆ ಹೋಗುತ್ತದೆ. ತಾರಸಿ ಹಾಕಿದ ಹೊಸ ಕೋಣೆಗಳಿಗೆ ಆ ಅನುಕೂಲ ಇಲ್ಲ. ಅಲ್ಲಿನ ವೆಂಟಿಲೇಟರ್‌ಗಳಿಗೆ ಬಾವಲಿ ಬರುತ್ತದೆಂದು ಹಿಂದೆ ಯಾವಾಗಲೋ ರಟ್ಟು ಬಡಿದಿದ್ದರು. ಅದನ್ನು ತೆಗೆಸಿ ಜಾಲರಿ ಹಾಕಿಸಿದ್ದೇವೆ. ಮಳೆ ಹೊಡೆಯುವ ಪಡುವಣ ಕಿಟಕಿ ಮುಚ್ಚಿ, ಮೂಡಣದ ಕಿಟಕಿ, ಬಾಗಿಲು ಮತ್ತು ವೆಂಟಿಲೇಟರ್ ತೆರೆದಿಡುತ್ತೇವೆ. ಇರಚಲು ಮಕ್ಕಳ ಮೇಲೆ ಬೀಳದ ಹಾಗೆ ಬೆಂಚು ಸರಿಸಿದ್ದೇವೆ. ನೀವು ಸ್ವೆಟರ್ ಹಾಕಿ ಕಳಿಸಿ. ಬ್ಯಾಗಿನಲ್ಲಿ ಒಣ ಸಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಛತ್ರಿ, ರೇನ್‌ಕೋಟ್ ಇನ್ನು ಮುಂದೆ ಜಗಲಿಯ ಗೂಟಕ್ಕೆ ತೂಗುತ್ತವೆ, ತರಗತಿಯ ಮೂಲೆಗಲ್ಲ.

ಛತ್ರಿಗೂ ಗಾಳಿಗೂ ಏನು ಸಂಬಂಧ ಅಂತೀರಾ? ನಾಲ್ಕನೇ ತರಗತಿಯ ಹಿಂದಿನ ಗೋಡೆ ನೋಡಿ. ನೆಲದಿಂದ ಮೊಣಕಾಲೆತ್ತರಕ್ಕೆ ಕಪ್ಪು ಚುಕ್ಕಿ ಹಬ್ಬಿದೆ. ಬೆರಳಿಟ್ಟರೆ ಮಸಿಯ ಹಾಗೆ ಅಂಟುತ್ತದೆ. ಅದು ಬೂಸ್ಟು. ತೇವ ಇದ್ದಲ್ಲಿ ಬೆಳೆಯುತ್ತದೆ, ಮೂಲೆಯಲ್ಲಿಟ್ಟ ಒದ್ದೆ ಛತ್ರಿಯೂ ಕೋಣೆಯ ತೇವ ಹೆಚ್ಚಿಸುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಉಸಿರಲ್ಲಿ ಹೋದರೆ ಉಬ್ಬಸ ಇರುವ ಮಕ್ಕಳಿಗೆ ಎದೆ ಕಟ್ಟುತ್ತದೆ. ಉಳಿದವರಿಗೂ ಮೂಗು ಸೋರುವುದು, ಕೆಮ್ಮು. ಅದರ ಮೇಲೆ ಡಿಸ್ಟೆಂಪರ್ ಬಳಿದರೆ ಸ್ವಲ್ಪ ದಿನ ಮರೆಯಾಗುತ್ತದೆ, ಮತ್ತೆ ಬರುತ್ತದೆ. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಹುಡುಕಿದ್ದೇವೆ. ಮಾಡಿನ ನೀರು ಹರಿದುಹೋಗಲು ಸೂರಿಗೆ ಕಟ್ಟಿದ ದೋಣಿ ಒಡೆದು ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿದೆ. ದೋಣಿ ಸರಿಮಾಡಿ, ಗೋಡೆ ಒಣಗಿದ ಮೇಲೆ ಸುಣ್ಣ ಹೊಡೆಸುತ್ತೇವೆ. ಸುಣ್ಣದ ಗೋಡೆಗೆ ಬೂಸ್ಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವ ವಿಷಯ. ಅಡುಗೆ ಕೋಣೆ ಮತ್ತು ಅದರ ಪಕ್ಕದ ಕೋಣೆಗೆ ಹಳೇ ಸಿಮೆಂಟ್ ಶೀಟ್ ಇದೆ. ಶ್ರಮದಾನ ಮಾಡಿ ಅದರ ಪಾಚಿ ಕೆರೆದುಕೊಡುತ್ತೇವೆ ಎಂದು ಕೆಲವರು ಮುಂದೆ ಬಂದಿರಿ. ನಿಮ್ಮ ಮನಸ್ಸು ದೊಡ್ಡದು. ಆದರೆ ದಯವಿಟ್ಟು ಬೇಡ. ಇಂಥ ಹಳೇ ಶೀಟುಗಳಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಶೀಟ್ ಗಟ್ಟಿಯಾಗಿದ್ದಾಗ ನಾರು ಸಿಮೆಂಟಿನೊಳಗೇ ಹಿಡಿದುಕೊಂಡಿರುತ್ತದೆ. ಕೆರೆದರೆ, ತೂತು ಕೊರೆದರೆ, ಒಡೆದರೆ ಧೂಳಾಗಿ ಹಾರುತ್ತದೆ. ಶ್ವಾಸಕೋಶದೊಳಗೆ ಹೋದ ನಾರು ಅಲ್ಲೇ ಉಳಿಯುತ್ತದೆ. ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ಮೇಲೆ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟು ಇನ್ನೂ ಮಾರಾಟವಾಗುತ್ತಿದೆ. ಇಂದು ಧೂಳು ಕುಡಿದ ಆರು ವರ್ಷದ ಮಗುವಿಗೆ ಮುಂದೆ ಬದುಕುವ ವರ್ಷಗಳು ನಮಗಿಂತ ತುಂಬಾ ಜಾಸ್ತಿ, ಅಲ್ವಾ? ಹಾಗಾಗಿ ಆ ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲಿಸಿದ್ದೇವೆ. ಒಡೆದ ಶೀಟಿನ ಚೂರನ್ನು ಕೋಳಿಗೂಡಿಗೋ ಬಚ್ಚಲ ಮರೆಗೋ ಯಾರೂ ಒಯ್ಯಬೇಡಿ. ಮನೆಯಲ್ಲಿ ಶೀಟ್ ಒಡೆದರೂ ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ತೆಗೆಯಿರಿ.

ಉಬ್ಬಿ ಕೂತ ಕಿಟಕಿ ಬಾಗಿಲುಗಳನ್ನು ದಸರಾ ರಜೆಯಲ್ಲಿ, ಮಕ್ಕಳಿಲ್ಲದಾಗ ಸರಿಮಾಡಿಸುತ್ತೇವೆ. ಹಳೇ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಬೇಕು, ಅದರಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಸೊಳ್ಳೆ ಬತ್ತಿ ಹಚ್ಚುವುದನ್ನೂ ನಿಲ್ಲಿಸಿದ್ದೇವೆ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಶೌಚಾಲಯಕ್ಕೆ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕುವಂತಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮನೆಯಲ್ಲೂ ಇದು ನೆನಪಿರಲಿ.

ನಿಮ್ಮ ಮಗುವಿಗೆ ಉಬ್ಬಸ ಇದ್ದರೆ ಮುಚ್ಚಿಡದೆ ತರಗತಿ ಶಿಕ್ಷಕರಿಗೆ ಹೇಳಿ. ಇನ್‌ಹೇಲರ್ ಕೊಟ್ಟಿದ್ದರೆ ಬ್ಯಾಗಿನಲ್ಲೇ ಕಳಿಸಿ. "ಅದು ಚಟ ಆಗಿಬಿಡುತ್ತೆ" ಎಂಬ ಮಾತು ನಿಜವಲ್ಲ. ಡಾಕ್ಟರು ಹೇಳಿದಂತೆ ಕೊಡುವುದನ್ನು ನಿಲ್ಲಿಸಿದರೇ ಅಪಾಯ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದೆ. ಶೀಟ್ ತೆಗೆಸಿ ಹೆಂಚು ಹೊದಿಸಿಕೊಡಿ ಎಂದು ಗ್ರಾಮ ಪಂಚಾಯಿತಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಕೊಡುವ ಅರ್ಜಿಯನ್ನು ಅಲ್ಲಿ ಓದುತ್ತೇನೆ. ದೋಣಿ ಕೆಲಸ ಬಲ್ಲವರು ಇದ್ದರೆ ಅಂದೇ ನೋಡಿ ಖರ್ಚು ಹೇಳಿ. ಅಮ್ಮಂದಿರೂ ಬನ್ನಿ. ಅರ್ಜಿಗೆ ನಿಮ್ಮೆಲ್ಲರ ಸಹಿ ಬೇಕು.

ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ