ನೀರು ಕುಡಿಯಿರಿ ಎನ್ನುವ ಮೊದಲು ಬೀಗ ತೆಗೆಯಿರಿ

ಮಾನ್ಯ ಸಂಪಾದಕರೇ,

ಬೇಸಿಗೆ ಶುರುವಾಗಿದೆ. ನಿಮ್ಮ ಪತ್ರಿಕೆಯಲ್ಲೂ ‘ನೀರು ಜಾಸ್ತಿ ಕುಡಿಯಿರಿ, ಕಿಡ್ನಿ ಕಾಪಾಡಿಕೊಳ್ಳಿ’ ಎಂಬ ಸಲಹೆ ಬಂತು. ಸಲಹೆ ಸರಿಯಾಗಿಯೇ ಇದೆ. ಆದರೆ ಅದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ನಮ್ಮವ್ವನ ಬುಟ್ಟಿಯಲ್ಲಿದ್ದ ನೀರಿನ ಬಾಟಲಿ.

ನಾನು ಅಂಕೋಲಾ ತಾಲೂಕಿನವಳು. ಅವ್ವ ಮೂವತ್ತು ವರ್ಷದಿಂದ ಮೀನು ಮಾರುತ್ತಾಳೆ. ನಸುಕಿನಲ್ಲೇ ಎದ್ದು ಹೋಗಿ ಬಂಗುಡೆಯೋ ತಾರ್ಲೆಯೋ ಸಿಕ್ಕಿದ್ದನ್ನು ಹಿಡಿದುಕೊಂಡು ಆರು ಗಂಟೆಗೆಲ್ಲ ಪೇಟೆಯಲ್ಲಿ ಕೂತರೆ, ಮನೆಗೆ ಬರುವುದು ಮಧ್ಯಾಹ್ನ ಎರಡಕ್ಕೆ. ದಿನಾ ಒಂದು ಲೀಟರ್ ಬಾಟಲಿ ತುಂಬಿಸಿ ಬುಟ್ಟಿಯಲ್ಲಿ ಇಡುತ್ತಿದ್ದೆ. ಅದು ಹಾಗೇ ವಾಪಸ್ ಬರುತ್ತಿತ್ತು. ಹೊರಗೆಲ್ಲ ಮೀನಿನ ಹುರುಪೆ ಅಂಟಿರುತ್ತಿತ್ತು, ಒಳಗೆ ನೀರು ಕತ್ತಿನವರೆಗೆ ಹಾಗೇ ಇರುತ್ತಿತ್ತು. ಯಾಕೆ ಕುಡಿಯಲಿಲ್ಲ ಎಂದು ಕೇಳಿದರೆ ಒಂದೇ ಮಾತು: "ಕುಡಿದ್ರೆ ಹೋಗಬೇಕಾಗ್ತದೆ. ಎಲ್ಲಿಗೆ ಹೋಗೋದು?"

ಪೇಟೆಯ ಹಿಂದೆ ಶೌಚಾಲಯ ಇದೆ. ಬೆಳಿಗ್ಗೆ ಅದಕ್ಕೆ ಬೀಗ. ಒಂಬತ್ತರ ನಂತರ ತೆಗೆದರೂ ಒಳಗೆ ನೀರಿಲ್ಲ. ಗಂಡಸರು ಯಾವುದೋ ಗೋಡೆ ಹುಡುಕುತ್ತಾರೆ. ಹೆಂಗಸರು ತಡೆದುಕೊಳ್ಳುತ್ತಾರೆ, ಅಷ್ಟೇ.

ಕಳೆದ ವರ್ಷ ಅವ್ವನಿಗೆ ಉರಿಮೂತ್ರ ಶುರುವಾಯಿತು. ಬಾರ್ಲಿ ನೀರು, ಎಳನೀರು, ಬಾಳೆದಿಂಡಿನ ರಸ ಎಲ್ಲ ಆಯಿತು. ಆಮೇಲೆ ಬೆನ್ನಲ್ಲಿ, ಪಕ್ಕೆಲುಬಿನ ಕೆಳಗೆ ಒಂದು ಬದಿ ನೋವು. ಬುಟ್ಟಿ ಹೊತ್ತದ್ದಕ್ಕೆ ಇರಬೇಕು ಎಂದುಕೊಂಡು ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತರಿಸಿ ನುಂಗಿದಳು. ನಾಲ್ಕನೇ ದಿನ ಮೈ ನಡುಗಿಸುವ ಚಳಿಜ್ವರ, ವಾಂತಿ. ಆಸ್ಪತ್ರೆಗೆ ಸೇರಿಸಿದೆವು. ಸೋಂಕು ಕಿಡ್ನಿಗೆ ಏರಿತ್ತು.

ಅಲ್ಲಿನ ಡಾಕ್ಟರ್ರು ಒಳ್ಳೆಯವರು. ಅವ್ವನ ಪಕ್ಕ ಕೂತು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದರು. ಅದನ್ನು ಇಲ್ಲಿ ಬರೆಯಬೇಕು ಅನಿಸಿತು, ಯಾಕೆಂದರೆ ನಾನು ಪಿಯುಸಿ ಓದಿದವಳಾದರೂ ನನಗೂ ಅರ್ಧ ಗೊತ್ತಿರಲಿಲ್ಲ.

ಕಿಡ್ನಿ ಎರಡು, ಒಂದೊಂದೂ ಮುಷ್ಟಿಯಷ್ಟು. ಪ್ರತಿ ನಿಮಿಷ ಒಂದು ಲೀಟರಿಗಿಂತ ಜಾಸ್ತಿ ರಕ್ತ ಅವುಗಳ ಮೂಲಕ ಹಾದುಹೋಗುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಸೋಸುವ ಘಟಕಗಳು, ನೆಫ್ರಾನ್ ಎನ್ನುತ್ತಾರೆ. "ನಿಮ್ಮ ಬಲೆ ಇದ್ದ ಹಾಗೆ ಅಮ್ಮಾ" ಎಂದರು ಡಾಕ್ಟರ್ರು. ರಕ್ತಕಣ, ಪ್ರೋಟೀನು ದೊಡ್ಡವು, ಬಲೆಯ ಕಣ್ಣು ದಾಟುವುದಿಲ್ಲ. ನೀರು, ಉಪ್ಪು, ಸಕ್ಕರೆ, ಯೂರಿಯಾದಂಥ ಕಸ, ಎಲ್ಲ ದಾಟಿ ಆಚೆ ಬೀಳುತ್ತವೆ. ಹೀಗೆ ದಿನಕ್ಕೆ ಸೋಸುವುದು ಸುಮಾರು 180 ಲೀಟರ್! ಹತ್ತು ಲೀಟರಿನ ಕೊಡದಲ್ಲಿ ಅಳೆದರೆ 18 ಕೊಡ. ಅಷ್ಟೂ ಹೊರಗೆ ಹೋದರೆ ನಾವು ಉಳಿಯುತ್ತೇವಾ? ಅದಕ್ಕೇ ಬಲೆಯ ಆಚೆಗೆ ಒಂದು ಸಪೂರ ನಳಿಗೆ ಇದೆ. ಸಕ್ಕರೆಯನ್ನೆಲ್ಲ, ಬೇಕಾದಷ್ಟು ಉಪ್ಪನ್ನು, ಹೆಚ್ಚುಕಡಿಮೆ ಎಲ್ಲಾ ನೀರನ್ನು ಅದು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಕೊನೆಗೆ ಮೂತ್ರವಾಗಿ ಉಳಿಯುವುದು ಒಂದೂವರೆ ಎರಡು ಲೀಟರ್ ಮಾತ್ರ.

ನಮ್ಮ ಕರಾವಳಿಯ ಸೆಕೆ ಗೊತ್ತಲ್ವಾ, ಕೂತಲ್ಲೇ ಬೆವರು ಇಳಿಯುತ್ತದೆ. ಮೇಲಿಂದ ನೀರೂ ಕುಡಿಯದಿದ್ದರೆ ಮಿದುಳಿನಿಂದ ಒಂದು ಹಾರ್ಮೋನು ಬಂದು ಕಿಡ್ನಿಗೆ ‘ನೀರು ಬಿಡಬೇಡ’ ಎನ್ನುತ್ತದೆ. ಕಿಡ್ನಿ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರ ಗಟ್ಟಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಕಸ ಹೊರಹಾಕಲಿಕ್ಕೇ ದಿನಕ್ಕೆ ಅರ್ಧ ಲೀಟರ್ ಮೂತ್ರವಾದರೂ ಬೇಕು, ಅದಕ್ಕಿಂತ ಕಡಿಮೆ ಮಾಡಲು ಕಿಡ್ನಿಗೂ ಆಗುವುದಿಲ್ಲ. ಇಂಥ ದಪ್ಪ ಮೂತ್ರದಲ್ಲೇ ಲವಣ ಹರಳುಗಟ್ಟಿ ಕಲ್ಲು ಆಗುವುದು.

ಇನ್ನು ತಡೆದುಕೊಳ್ಳುವ ವಿಷಯ. ಕಿಡ್ನಿಯಿಂದ ಎರಡು ಕೊಳವೆ ಕೆಳಗಿಳಿದು ಮೂತ್ರಕೋಶಕ್ಕೆ ಸೇರುತ್ತವೆ. ಅದು ಹಿಡಿಯುವುದು ಸುಮಾರು 400ರಿಂದ 500 ಮಿಲಿ. ಅರ್ಧ ತುಂಬುವ ಹೊತ್ತಿಗೇ ಹೋಗಬೇಕು ಅನಿಸುತ್ತದೆ. ಹೆಂಗಸರಲ್ಲಿ ಅಲ್ಲಿಂದ ಹೊರಗಿನ ದಾರಿ ಬರೀ 4 ಸೆಂಟಿಮೀಟರ್, ಗಂಡಸರಲ್ಲಿ 20ರ ಹತ್ತಿರ. ಮಲದ ದಾರಿಯ ಹತ್ತಿರವೇ ಇರುವ ಬ್ಯಾಕ್ಟೀರಿಯಾ ಒಳಗೆ ಹತ್ತಿಬಿಡುವುದು ಹೆಂಗಸರಲ್ಲೇ ಸುಲಭ. ಆಗಾಗ ಮೂತ್ರ ಹೋದರೆ ಅವೂ ತೊಳೆದು ಹೋಗುತ್ತವೆ. ಎಂಟು ತಾಸು ನಿಂತ ಮೂತ್ರದಲ್ಲಿ ಅವು ಬೆಳೆಯುತ್ತವೆ, ಆ ಕೊಳವೆಗಳಲ್ಲೇ ಮೇಲೆ ಹತ್ತಿ ಕಿಡ್ನಿ ಸೇರುತ್ತವೆ. ಅವ್ವನಿಗೆ ಆದದ್ದು ಇದೇ. ಅವಳ ಕೊಳಕುತನ ಅಲ್ಲ, ಅಸಡ್ಡೆಯೂ ಅಲ್ಲ. ಅದನ್ನು ಡಾಕ್ಟರ್ರ ಬಾಯಲ್ಲಿ ಕೇಳಿದಾಗ ಅವ್ವ ಅತ್ತುಬಿಟ್ಟಳು. ಇಷ್ಟು ದಿನ ತನ್ನದೇ ತಪ್ಪು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಆ ನೋವಿನ ಗುಳಿಗೆಗೂ ಬೈಸಿಕೊಂಡೆವು. ಮೈಯಲ್ಲಿ ನೀರು ಕಮ್ಮಿ ಇದ್ದಾಗ ಕಿಡ್ನಿಯ ರಕ್ತನಾಳ ತೆರೆದಿಡಲು ದೇಹ ಒಂದು ವ್ಯವಸ್ಥೆ ಮಾಡಿಕೊಂಡಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ಗುಳಿಗೆಗಳು ಅದನ್ನೇ ಕೆಡಿಸುತ್ತವೆ, ಕಿಡ್ನಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಅವ್ವನ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ, ಏರಿತ್ತು. ಸಮಯಕ್ಕೆ ಹೋದದ್ದರಿಂದ ಇಳಿಯಿತು. ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಹಾಳಾದರೂ ಎಷ್ಟೋ ಸಲ ಹೊರಗೆ ಗೊತ್ತೇ ಆಗುವುದಿಲ್ಲವಂತೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಂತೂ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬಾರ್ಲಿ ನೀರು ಕುಡಿಯಬೇಡಿ ಎನ್ನುತ್ತಿಲ್ಲ, ಆದರೆ ಸೋಂಕು ಅದರಿಂದ ಹೋಗುವುದಿಲ್ಲ. ಡಾಕ್ಟರ್ ಸೋಂಕಿಗೆಂದು ಏಳು ದಿನ ಗುಳಿಗೆ ಕೊಟ್ಟರೆ ಏಳೂ ದಿನ ನುಂಗಿ. ಅವ್ವ ಹಿಂದೊಮ್ಮೆ ಮೂರನೇ ದಿನಕ್ಕೇ ಬಿಟ್ಟಿದ್ದಳು, ಹದಿನೈದು ದಿನಕ್ಕೆ ಉರಿ ಮತ್ತೆ ಬಂತು.

ಅವ್ವ ಒಬ್ಬಳೇ ಅಲ್ಲ. ಸಾಲಿನಲ್ಲಿ ಕೂರುವ ಒಬ್ಬೊಬ್ಬರನ್ನೇ ಕೇಳಿದೆ. ಹನ್ನೊಂದು ಜನರಲ್ಲಿ ಎಂಟು ಮಂದಿ ಪೇಟೆಗೆ ಬಂದರೆ ನೀರು ಮುಟ್ಟುವುದಿಲ್ಲ ಎಂದರು. ಸಂತೆಗೆ ಸೊಪ್ಪು ತರಕಾರಿ ತರುವ ಹಾಲಕ್ಕಿ ಸಮುದಾಯದ ಹೆಂಗಸರದ್ದೂ, ದೂರದ ಬಸ್ಸಿಗೆ ಹೊರಟವರದ್ದೂ ಇದೇ ಕಥೆ. ಇವರಿಗೆ ಮೂರು ಲೀಟರ್ ನೀರು ಕುಡಿಯಿರಿ ಎಂದು ಸುಮ್ನೆ ಹೇಳಿದರೆ ಆಗುತ್ತದಾ? ನೀರಿನ ಸಲಹೆ ಬರೆಯುವಾಗ ಶೌಚಾಲಯದ ಮಾತನ್ನೂ ಸೇರಿಸಿ ಬರೆಯಿರಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಜಿಲ್ಲೆಯ ಮೀನು ಪೇಟೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಹೆಂಗಸರ ಶೌಚಾಲಯ ಎಷ್ಟು ಗಂಟೆಗೆ ತೆರೆಯುತ್ತದೆ, ಒಳಗೆ ನೀರಿದೆಯಾ, ಚಿಲಕ ಬೀಳುತ್ತದಾ ಎಂದು ನಿಮ್ಮ ವರದಿಗಾರರು ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ ಬರಲಿ.

ಅವ್ವ ಈಗ ಮತ್ತೆ ಪೇಟೆಗೆ ಹೋಗುತ್ತಿದ್ದಾಳೆ. ಎದುರಿನ ಅಂಗಡಿಯವರ ಮನೆ ಹಿಂದೆಯೇ ಇದೆ, ಮೂರು ತಾಸಿಗೊಮ್ಮೆ ಅಲ್ಲಿಗೆ ಹೋಗಿ ಬರಲು ಒಪ್ಪಿದ್ದಾರೆ. ಬಾಟಲಿ ಖಾಲಿಯಾಗಿ ಬರುತ್ತದೆ. ಆದರೆ ಹನ್ನೊಂದು ಜನ ಒಬ್ಬರ ಮನೆಗೆ ಹೋಗಲು ಆಗುವುದಿಲ್ಲ. ಸಂಬಂಧಪಟ್ಟವರು ಹೊಸದೇನೂ ಕಟ್ಟಬೇಕಿಲ್ಲ. ಇರುವುದಕ್ಕೆ ನಲ್ಲಿ ನೀರು ಕೊಟ್ಟು, ಐದು ಗಂಟೆಗೆ ಬೀಗ ತೆಗೆಸಲಿ. ಬೆಳಿಗ್ಗೆ ಬರುವವರಿಲ್ಲ ಎಂದಾದರೆ ಕೀಲಿಯನ್ನು ಮೀನು ಮಾರುವವರ ಕೈಗೇ ಕೊಡಲಿ. ತೆಗೆದು ತೊಳೆದಿಡಲು ಸರದಿ ಹಾಕಿಕೊಳ್ಳುತ್ತೇವೆ ಎಂದು ಅವರೇ ಹೇಳಿದ್ದಾರೆ.

ಇಂತಿ,
ಮೀನು ಮಾರುವವಳ ಮಗಳು
ಅಂಕೋಲಾ ತಾಲೂಕು, ಉತ್ತರ ಕನ್ನಡ