ಕೊಚ್ಚಿ ಸೈಕಲ್ ಟೂರು: ಇತಿಹಾಸ ಬೀಚ್ ಕಡೆಗೂ ಇದೆ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಕೊಚ್ಚಿ ಬಗ್ಗೆ ಬಂದ ಪ್ರವಾಸದ ಲೇಖನ ಓದಿದೆ. ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ವು, ಆದ್ರೆ ಅದ್ರಲ್ಲಿ ಒಂದು ಮಾತು ಮಾತ್ರ ಎರಡು ದಿನದಿಂದ ತಲೇಲಿ ಕೊರೀತಾನೇ ಇದೆ. ಬೆಳಿಗ್ಗೆ ಗೈಡ್ ಜೊತೆ ಸೈಕಲ್ಲಲ್ಲಿ ಫೋರ್ಟ್ ಕೊಚ್ಚಿ ಇತಿಹಾಸ ಎಲ್ಲಾ ಮುಗಿಸಿಬಿಡಿ, ಆಮೇಲೆ ಬೀಚಿಗೆ ಹೋಗಿ ಆರಾಮ ಮಾಡಿ ಅನ್ನೋ ಅರ್ಥದಲ್ಲಿ ಬರ್ದಿದ್ದಾರೆ. ಇತಿಹಾಸ ಒಂದು ಕಡೆ, ಬೀಚ್ ಇನ್ನೊಂದು ಕಡೆ, ಮಧ್ಯೆ ಒಂದು ಫೆರ್ರಿ, ಅಷ್ಟೇ ಅನ್ನೋ ಥರ. ನಾನೂ ಜನವರೀಲಿ ಅದೇ ಟೂರ್ ಮಾಡ್ಕೊಂಡು ಬಂದವನು, ಅದಕ್ಕೇ ಬರೀತಾ ಇದೀನಿ.

ನಾನು, ನನ್ನ ಹೆಂಡ್ತಿ, ಅವಳ ತಮ್ಮ, ಇನ್ನೂ ನಾಲ್ಕು ಜನ ಬೇರೆ ಊರಿನವರು, ಒಟ್ಟು ಏಳು ಜನ. ಗೈಡ್ ಹುಡುಗನಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಹೈಸ್ಕೂಲ್ ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿದ್ದೇ ಕಡಿಮೆ, ಗೇರ್ ಸೈಕಲ್ಲಂತೂ ಇದೇ ಮೊದಲು, ಹಾಗಾಗಿ ಮೊದಲ ಹದಿನೈದು ನಿಮಿಷ ನನ್ನ ಗಮನ ಪೂರ್ತಿ ಚೈನಿನ ಸದ್ದಿನ ಮೇಲೇ ಇತ್ತು, ಅವನು ಏನು ಹೇಳ್ದ ಅಂತ ಗೊತ್ತಿಲ್ಲ. ಸೀಟ್ ಎತ್ತರ ಸರಿ ಮಾಡಿಸ್ಕೊಳ್ದೇ ಹೊರಟಿದ್ದು ನನ್ನದೇ ತಪ್ಪು. ಮಂಡಿ ನೋವು ಆಮೇಲೆ ಒಂದು ವಾರ ಇತ್ತು.

ಫೋರ್ಟ್ ಕೊಚ್ಚಿ ಭಾಗ ಅವನು ನಿಜವಾಗ್ಲೂ ಚೆನ್ನಾಗಿ ತೋರಿಸ್ದ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಬೆಳಿಗ್ಗೆ ಆರೂವರೆಗೆಲ್ಲಾ ಚೀನಾ ಬಲೆಗಳ ಹತ್ರ ನಿಲ್ಸಿದ್ದ, ಆ ಹೊತ್ತಲ್ಲಿ ಟೂರಿಸ್ಟ್ ಬಸ್ ಒಂದೂ ಇರಲ್ಲ, ಮರದ ತೋಳಿಗೆ ಕಟ್ಟಿರೋ ಆ ದೊಡ್ಡ ದೊಡ್ಡ ಕಲ್ಲುಗಳ ಭಾರದ ಲೆಕ್ಕದಲ್ಲಿ ನಾಲ್ಕೈದು ಜನ ಸೇರಿ ಅಷ್ಟು ದೊಡ್ಡ ಬಲೇನ ಎತ್ತೋದು ಇಳಿಸೋದು ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚ್. 1503ರಲ್ಲಿ ಪೋರ್ಚುಗೀಸರು ಮೊದಲು ಮರದಲ್ಲಿ ಕಟ್ಟಿದ್ದಂತೆ. ವಾಸ್ಕೋ ಡ ಗಾಮ 1524ರ ಡಿಸೆಂಬರಲ್ಲಿ ಕೊಚ್ಚೀಲೇ ಸತ್ತಾಗ ಅವನನ್ನ ಹೂಳಿದ್ದು ಇಲ್ಲೇ, ಕೆಲವು ವರ್ಷ ಆದ್ಮೇಲೆ ಮೂಳೆಗಳನ್ನ ಪೋರ್ಚುಗಲ್‌ಗೆ ತಗೊಂಡು ಹೋದ್ರು, ಈಗ ಇರೋದು ಖಾಲಿ ಜಾಗ ಮತ್ತೆ ಅದಕ್ಕೊಂದು ಕಟಕಟೆ. ಆ ಖಾಲಿ ಜಾಗದ ಮುಂದೆ ನಮ್ಮ ಹುಡುಗ ಇಪ್ಪತ್ತು ನಿಮಿಷ ಮಾತಾಡ್ದ. ಇರ್ಲಿ.

ಡಚ್ಚರು 1663ರಲ್ಲಿ ಊರು ಹಿಡಿದದ್ದು, 1795ರಲ್ಲಿ ಇಂಗ್ಲಿಷರು ಬಂದದ್ದು, ವೇಲಿ ಹತ್ರದ ಧೋಬಿಖಾನಾ, ಅಲ್ಲಿ ತಮಿಳುನಾಡು ಮೂಲದ ವಣ್ಣಾರ್ ಜನ ಇವತ್ತಿಗೂ ಕೈಯಲ್ಲೇ ಒಗೆದು ಹಗ್ಗಕ್ಕೆ ಕ್ಲಿಪ್ ಇಲ್ಲದೇ ಬಟ್ಟೆ ಸಿಕ್ಕಿಸೋ ರೀತಿ, ಎಲ್ಲಾ ಆಯ್ತು. ಮಟ್ಟಾಂಚೇರಿ ಬಜಾರ್ ರೋಡಿಗೆ ಬಂದಾಗಂತೂ ಶುಂಠಿ ಮೆಣಸಿನ ಘಾಟಿಗೆ ಮುಂದಿನವರ ಸೈಕಲ್ ಕಾಣೋಕ್ಕಿಂತ ಮೊದ್ಲು ಅವರ ಸೀನು ಕೇಳ್ತಿತ್ತು. ಕಾರಲ್ಲಿ ಹೋದ್ರೆ ಈ ರೋಡು ಬರೀ ಟ್ರಾಫಿಕ್ ಜಾಮು, ಸೈಕಲ್ಲಲ್ಲಿ ಹೋದ್ರೇನೇ ಇದು ಗೋಡೌನುಗಳ ಬೀದಿ ಅಂತ ಗೊತ್ತಾಗೋದು, ಒಂದು ಬಾಗಿಲು ರೋಡಿಗೆ, ಇನ್ನೊಂದು ನೀರಿಗೆ. ನನ್ನ ಹೆಂಡ್ತಿ ಕೊಂಕಣಿಯವಳು, ತಿರುಮಲ ದೇವಸ್ಥಾನದ ಹತ್ರ ಒಬ್ಬ ಅಜ್ಜಿ ಜೊತೆ ಕೊಂಕಣೀಲಿ ಮಾತಿಗೆ ನಿಂತವಳು ಬರೋ ಹಾಗೇ ಇರಲಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಡೀಲಾರ್ದೇ ಬಂದವರು ಇಲ್ಲಿ ನೆಲೆ ನಿಂತು ನಾನೂರು ವರ್ಷದ ಮೇಲಾಯ್ತು, ಆದ್ರೂ ಇವಳಿಗೆ ಅವರ ಮಾತು ಅರ್ಥ ಆಗತ್ತೆ, ಕೆಲವು ಪದಕ್ಕೆ ಇಬ್ಬರೂ ನಗ್ತಾರೆ. 1568ರ ಪರದೇಸಿ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ನಮಗೆ ಸಿಗಲಿಲ್ಲ, ಯಾಕಂದ್ರೆ ಅವತ್ತು ಶನಿವಾರ, ಯಹೂದಿಗಳ ಸಬ್ಬತ್. ಬುಕಿಂಗ್ ಮಾಡೋವಾಗ ಇದನ್ನ ಯಾರೂ ಹೇಳಲ್ಲ, ಹೋಗೋರು ನೋಡ್ಕೊಳ್ಳಿ.

ಈಗ ನನ್ನ ತಕರಾರಿಗೆ ಬರ್ತೀನಿ.

ಒಂಬತ್ತೂವರೆಗೆ ವಾಪಸ್ ಫೋರ್ಟ್ ಕೊಚ್ಚಿಗೆ ಬಂದು ರೋ-ರೋ ಹತ್ತಿದ್ವಿ. ಸೈಕಲ್, ಸ್ಕೂಟರ್, ಕಾರು, ಎಲ್ಲಾ ಒಟ್ಟಿಗೆ ಹೇರ್ಕೊಂಡು ಎದುರಿನ ವೈಪಿನ್ ದ್ವೀಪದ ದಡಕ್ಕೆ ಬಿಡೋ ದೋಣಿ ಅದು, 2018ರಲ್ಲಿ ಶುರುವಾಗಿದ್ದು. ಹತ್ತಿ ಕೂತ್ರೆ ಕೆಲವೇ ನಿಮಿಷದ ದಾರಿ. ಅಲ್ಲಿ ನಮ್ಮ ಹುಡುಗ "ಹಿಸ್ಟರಿ ಪಾರ್ಟ್ ಮುಗೀತು, ಇನ್ನು ಫ್ರೀ ರೈಡ್, ಬೀಚಲ್ಲಿ ಎಳನೀರು" ಅಂತ ಹೇಳಿ ಫೋನ್ ತೆಗ್ದ.

ಮುಗೀಲಿಲ್ಲ ಕಣಪ್ಪಾ, ಈಗ ಶುರು ಆಗ್ಬೇಕಿತ್ತು! ನಾವು ಆಗ ಕೂತಿದ್ದಿದ್ದೇ ಅಳಿವೆಯ ಮೇಲೆ, ಅಂದ್ರೆ ಒಳಗಿನ ನೀರು ಕಡಲಿಗೆ ಸೇರೋ ಬಾಯಲ್ಲಿ. ಕೊಚ್ಚಿ ಅನ್ನೋ ಬಂದರು ಹುಟ್ಟಿದ ಜಾಗವೇ ಅದು. 1341ರಲ್ಲಿ ಪೆರಿಯಾರ್ ನದಿಗೆ ಭಾರೀ ನೆರೆ ಬಂತು, ಅಷ್ಟೊತ್ತಿಗೆ ಸಾವಿರ ವರ್ಷಕ್ಕೂ ಹಿಂದಿನಿಂದ ಹೆಸರಾಗಿದ್ದ ಮುಜಿರಿಸ್, ಅಂದ್ರೆ ಕೊಡುಂಗಲ್ಲೂರು ಕಡೆಯ ಬಂದರು ಹೂಳು ತುಂಬಿ ಕೆಲಸಕ್ಕೆ ಬಾರದ ಹಾಗಾಯ್ತು, ಈ ಕಡೆ ಕೊಚ್ಚಿ ಅಳಿವೆ ಬಾಯಿ ಬಿಡ್ತು, ಮಧ್ಯೆ ಮರಳು ಮಣ್ಣು ಸೇರಿ ವೈಪಿನ್ ದ್ವೀಪ ಎದ್ದಿತು ಅಂತ ಹೇಳ್ತಾರೆ. ಆ ನೆನಪಿಗೆ 1341ರಿಂದ ಪುದುವೈಪ್ ಅಂತ ಒಂದು ಶಕೆಯನ್ನೇ ಎಣಿಸ್ತಿದ್ರು. ಪುದು ಅಂದ್ರೆ ನಮ್ಮ ಹೊಸ, ವೈಪ್ ಅಂದ್ರೆ ಇಟ್ಟದ್ದು. ಕಡಲು ಹೊಸದಾಗಿ ಇಟ್ಟ ನೆಲ. ಆ ಹೆಸರಿನ ಊರು ಈಗ್ಲೂ ವೈಪಿನ್ ದಕ್ಷಿಣದ ತುದೀಲಿದೆ, ಲೈಟ್‌ಹೌಸ್ ಇದೆ, ರೋ-ರೋ ಇಳಿದು ಸ್ವಲ್ಪ ದೂರ ತುಳಿದ್ರೆ ಸಿಗತ್ತೆ. ಅಂದ್ರೆ ಪೋರ್ಚುಗೀಸರು, ಡಚ್ಚರು, ಮೆಣಸಿನ ವ್ಯಾಪಾರ, ಚರ್ಚು, ಅರಮನೆ, ಬೆಳಿಗ್ಗೆಯಿಂದ ನಾವು ನೋಡಿದ್ದಷ್ಟೂ ಈ ಮರಳಿನಿಂದ ಆಗಿದ್ದು. ಅದನ್ನ ಹೇಳೋಕೆ ಆ ದೋಣಿಗಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ?

ಅದೇ ನೀರಲ್ಲೇ ಇನ್ನೊಂದು ಕಥೆನೂ ಇದೆ. ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಅಡ್ಡ ಇದ್ದಿದ್ರಿಂದ ದೊಡ್ಡ ಹಡಗು ಒಳಗೆ ಬರೋ ಹಾಗಿರಲಿಲ್ಲ, ರಾಬರ್ಟ್ ಬ್ರಿಸ್ಟೋ ಅನ್ನೋ ಇಂಜಿನಿಯರ್ 1920ರಲ್ಲಿ ಬಂದು ಆ ದಿಬ್ಬ ಕಡಿಸ್ದ, 1928ರ ಮೇ ತಿಂಗಳಲ್ಲಿ ಪದ್ಮ ಅನ್ನೋ ಹಡಗು ಒಳಗೆ ಬಂತು, ತೆಗೆದ ಹೂಳಲ್ಲೇ ವಿಲ್ಲಿಂಗ್ಡನ್ ದ್ವೀಪ ಮಾಡಿದ್ರು. ಅಳಿವೆ ಅಂದ್ರೆ ಏನು, ಅದು ಮುಚ್ಚಿದ್ರೆ ಊರಿನ ಗತಿ ಏನು ಅಂತ ಕರಾವಳಿಯವರಿಗೆ ಹೇಳ್ಕೊಡ್ಬೇಕಾಗಿಲ್ಲ, ಆದ್ರೆ ಘಟ್ಟದ ಮೇಲಿಂದ ಬಂದವರಿಗೆ ಹೇಳ್ಬೇಕು. ನಮ್ಮ ಜೊತೆ ಬಂದಿದ್ದ ಒಬ್ರು ಫೋರ್ಟ್ ಕೊಚ್ಚಿ ಬೀಚ್ ನೋಡಿ "ಇಷ್ಟೇನಾ" ಅಂತ ಬೇಜಾರ್ ಮಾಡ್ಕೊಂಡ್ರು. ಕಡಲು ಅಲ್ಲಿ ಮರಳು ತಿಂದು ಹಾಕಿದೆ. ಇನ್ನೂ ದಕ್ಷಿಣಕ್ಕೆ ಚೆಲ್ಲಾನಂ ಅಂತ ಊರಿದೆ, ಮಳೆಗಾಲ ಬಂದ್ರೆ ಅಲೆ ಮನೆಯೊಳಗೇ ಬರ್ತಿತ್ತು, ಈಗ ಅಲ್ಲಿ ಏಳು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದಕ್ಕೆ ಟೆಟ್ರಾಪಾಡ್, ಅಂದ್ರೆ ನಾಲ್ಕು ಕಾಲಿನ ಕಾಂಕ್ರೀಟ್ ಗುಂಡುಗಳನ್ನ ಹಾಕಿ ತಡೆಗೋಡೆ ಕಟ್ಟಿದ್ದಾರೆ. ಅಳಿವೆಯ ಈಚೆ ಪುದುವೈಪ್ ಬೀಚಲ್ಲಿ ನೋಡಿದ್ರೆ ಮರಳು ಕೂಡ್ತಾ ಕೂಡ್ತಾ ನೀರಿಗೆ ನಡ್ಕೊಂಡು ಹೋಗೋದೇ ಒಂದು ಕೆಲಸ. ಮತ್ತೆ ಅದೇ ದ್ವೀಪದ ಎಡವನಕ್ಕಾಡಲ್ಲಿ ಕಡಲ್ಕೊರೆತ. ಒಂದು ಕಡೆ ಇಡೋದು, ಇನ್ನೊಂದು ಕಡೆ ಎತ್ಕೊಳ್ಳೋದು, 1341ರಿಂದ ಇದೇ ನಡೀತಾ ಇದೆ.

ನಮ್ಮನ್ನ ಕರ್ಕೊಂಡು ಹೋಗಿದ್ದು ವೈಪಿನ್ ಮುನಂಬಂ ಮೇನ್ ರೋಡಲ್ಲಿ. ಆ ರೋಡಲ್ಲಿ ಪ್ರೈವೇಟ್ ಬಸ್ಸುಗಳು ಹೋಗೋ ಸ್ಪೀಡ್ ಏನು ಸ್ವಾಮಿ, ಹಿಂದಿನಿಂದ ಹಾರ್ನ್ ಹೊಡೆದ್ರೆ ಸೈಕಲ್ ತಾನೇ ಚರಂಡಿ ಕಡೆ ತಿರುಗತ್ತೆ. ಪಶ್ಚಿಮಕ್ಕೆ ಕಡಲ ಪಕ್ಕದಲ್ಲೇ ಒಳದಾರಿಗಳಿವೆ, ಸ್ವಲ್ಪ ಸುತ್ತು, ಆದ್ರೆ ಮೀನುಗಾರರ ಮನೆಗಳು, ದೋಣಿಗಳು, ಪೊಕ್ಕಾಳಿ ಗದ್ದೆಗಳು ಸಿಗೋದು ಅಲ್ಲೇ. ಮಳೆಗಾಲದಲ್ಲಿ ಉಪ್ಪು ತಡ್ಕೊಳ್ಳೋ ಭತ್ತ, ನವೆಂಬರಿಂದ ಏಪ್ರಿಲ್ ತನಕ ಅದೇ ಗದ್ದೇಲಿ ಸಿಗಡಿ. ನಮ್ಮ ಅಘನಾಶಿನಿ ಕಡೆಯ ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯೋ ಕಗ್ಗ ಭತ್ತ ನೋಡಿದವರಿಗೆ ಇದು ಅಣ್ಣ ತಮ್ಮ ಅಂತ ತಕ್ಷಣ ಗೊತ್ತಾಗತ್ತೆ. ನಾನು ಗೈಡಿಗೆ ತೋರಿಸಿ ಕೇಳ್ದೆ, ಅವನು ಹೌದು ಹೌದು ಪ್ರಾನ್ ಅಂದು ಮುಂದೆ ಹೋದ. ಹೊತ್ತೂ ಮೀರಿತ್ತು ಅನ್ನಿ. ಹನ್ನೊಂದರ ಮೇಲೆ ಕಡಲ ಗಾಳಿ ಏಳತ್ತೆ, ಉತ್ತರಕ್ಕೆ ಹೋಗೋರಿಗೆ ಅದು ಮುಖಕ್ಕೇ ಹೊಡೆಯತ್ತೆ, ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ದಾರೀನ ಆ ಗಾಳೀಲಿ ಆ ಬಿಸಿಲಲ್ಲಿ ತುಳಿಯೋಕೆ ಮೊದಲ ಸಲ ಗೇರ್ ಹಾಕೋ ನನ್ನಂಥವನಿಗೆ ಆಗತ್ತಾ.

ಚೆರಾಯಿ ಬೀಚಲ್ಲಿ ಒಂದೂವರೆ ಗಂಟೆ ಬಿಟ್ರು. ಒಳ್ಳೆ ಬೀಚು, ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು. ಹೆಂಡ್ತಿ ನೆರಳು ನೋಡ್ಕೊಂಡು ಕೂತಳು. ನಾನು ಭಾವಮೈದ ಇಬ್ರೂ ಮ್ಯಾಪಲ್ಲಿ ಪಳ್ಳಿಪ್ಪುರಂ ಕೋಟೆ ಅಂತ ನೋಡಿ, ಹತ್ರದಲ್ಲೇ ಇದೆಯಲ್ಲ ಅಂತ ಹೊರಟ್ವಿ. ಕೆಲವೇ ಕಿಲೋಮೀಟರ್.

ಚಿಕ್ಕ ಕೋಟೆ. ಆರು ಮೂಲೆ, ಚಿರೆಕಲ್ಲಿನ ದಪ್ಪ ಗೋಡೆ, ಮೇಲೆ ಚಾವಣಿ ಇಲ್ಲ. 1503ರದ್ದು, ಪೋರ್ಚುಗೀಸರು ಕಟ್ಟಿದ್ದು, ನಮ್ಮ ದೇಶದಲ್ಲಿ ಯುರೋಪಿನವರು ಕಟ್ಟಿ ಇವತ್ತಿಗೂ ಉಳಿದಿರೋ ಅತಿ ಹಳೇ ಕೋಟೆಗಳಲ್ಲಿ ಇದೊಂದು. ಫೋರ್ಟ್ ಕೊಚ್ಚಿ ಅನ್ನೋ ಹೆಸರಲ್ಲಿ ಫೋರ್ಟ್ ಇದೆಯೇ ಹೊರತು ಆ ಕೋಟೆ ಹೋಗಿ ಇನ್ನೂರು ವರ್ಷದ ಮೇಲಾಯ್ತು, ಗೋಡೆ ಇರೋ ಕೋಟೆ ಬೀಚ್ ಕಡೆಗಿದೆ, ಅದನ್ನ ಟೂರಲ್ಲಿ ತೋರಿಸಲ್ಲ!

ಡಚ್ಚರು 1661ರಲ್ಲಿ ಇದನ್ನ ಹಿಡಿದ್ರು. 1789ರಲ್ಲಿ ಈ ಕೋಟೆ ಮತ್ತೆ ಎದುರು ದಡದ ಕೊಡುಂಗಲ್ಲೂರು ಕೋಟೆ ಎರಡನ್ನೂ ತಿರುವಾಂಕೂರಿನ ರಾಜನಿಗೆ ಮಾರಿದ್ರು. ಟಿಪ್ಪು ಅದಕ್ಕೆ ಒಪ್ಪಲಿಲ್ಲ. ಕೊಡುಂಗಲ್ಲೂರು ಕೋಟೆ ಇರೋ ನೆಲ ಕೊಚ್ಚಿ ರಾಜನದು, ಕೊಚ್ಚಿ ರಾಜ ನನಗೆ ಕಪ್ಪ ಕೊಡೋನು, ಅದನ್ನ ಮಾರೋಕೆ ಡಚ್ಚರು ಯಾರು ಅನ್ನೋದು ಅವನ ವಾದ. ಅದೇ ವರ್ಷ ಡಿಸೆಂಬರ್ ಕೊನೇಲಿ ತಿರುವಾಂಕೂರಿನವರು ಗಡಿಗೆ ಕಟ್ಟಿದ್ದ ಉದ್ದದ ರಕ್ಷಣಾ ಗೋಡೆ ನೆಡುಂಕೋಟೆ ಮೇಲೆ ಬಿದ್ದ. ಅಲ್ಲಿಂದ ಶುರುವಾಗಿದ್ದೇ ಮೂರನೇ ಆಂಗ್ಲೋ ಮೈಸೂರು ಯುದ್ಧ, ಅದು ಮುಗಿದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಸ್ಕೂಲಲ್ಲಿ ನಾವೆಲ್ಲಾ "ಕಾರಣಗಳು: ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದನು" ಅಂತ ಒಂದು ಸಾಲು ಬರ್ದು ಒಂದು ಮಾರ್ಕ್ ತಗೊಂಡವರೇ. ಆ ಒಂದು ಸಾಲಿನ ಹಿಂದೆ ಇದ್ದ ಕೋಟೆ ಗೋಡೆಗೆ ಸೈಕಲ್ ಒರಗಿಸಿ ನಾವು ನೀರು ಕುಡೀತಾ ನಿಂತಿದ್ವಿ, ಬೋರ್ಡ್ ಓದೋ ತನಕ ನನಗೂ ಹೊಳೆದಿರಲಿಲ್ಲ.

ಹತ್ರದಲ್ಲೇ ಮಂಜುಮಾತಾ ಚರ್ಚಿದೆ. ಟಿಪ್ಪು ಸೈನ್ಯ ಬಂದಾಗ ಮಂಜು ಮುಸುಕಿ ಚರ್ಚು ಕಾಣದ ಹಾಗಾಯ್ತು ಅನ್ನೋದು ಅಲ್ಲಿಯವರ ನಂಬಿಕೆ. ಅದನ್ನ ಹೇಳಿದವರು ಮೇಣದಬತ್ತಿ ಮಾರ್ತಿದ್ದ ಒಬ್ರು, ನಾವು ಕರ್ನಾಟಕದವರು ಅಂತ ಗೊತ್ತಾದ ಮೇಲೆ ಸ್ವಲ್ಪ ನಗ್ತಾನೇ ಹೇಳಿದ್ರು.

ಟೂರ್ ಕಂಪನಿ ಹೆಸರು ಬರೆಯೋಕೆ ಇಷ್ಟ ಇಲ್ಲ, ಆ ಹುಡುಗನ ಮೇಲೂ ಸಿಟ್ಟಿಲ್ಲ, ಪ್ಯಾಕೇಜ್ ಮಾಡಿರೋದೇ ಹಾಗೆ, ವಿಚಾರಿಸಿದ್ರೆ ಬೇರೆಯವರದ್ದೂ ಹೆಚ್ಚು ಕಡಿಮೆ ಹಾಗೇ ಇದೆ. ನಾನು ಕೇಳೋದು ಇಷ್ಟೇ, ಒಂದೇ ಬೆಳಿಗ್ಗೇಲಿ ಎರಡನ್ನೂ ತುರುಕೋದು ಬಿಟ್ಟು ಎರಡು ದಿನ ಮಾಡ್ಲಿ. ಎರಡನೇ ದಿನ ಮೊದಲ ರೋ-ರೋಗೇ ದಾಟಿಸ್ಲಿ, ಒಳದಾರೀಲಿ ಕರ್ಕೊಂಡು ಹೋಗ್ಲಿ, ಬಿಸಿಲೇರೋ ಮೊದ್ಲು ಪಳ್ಳಿಪ್ಪುರಂ ಮುಟ್ಟಿಸಿ ಆಮೇಲೆ ಚೆರಾಯಿಗೆ ವಾಪಸ್ ತಂದು ಬಿಡ್ಲಿ, ಎಳನೀರೇನು, ಊಟಾನೂ ಮಾಡೋಣ. ಸೈಕಲ್ ಟೆಂಪೋದಲ್ಲಿ ಹಾಕ್ಕೊಂಡು ಬರೋದು ಹೇಗೂ ಇದ್ದೇ ಇದೆ. ಹೋಗೋ ಕನ್ನಡದವರು ಬುಕ್ ಮಾಡೋ ಮೊದ್ಲೇ ಫೋನ್ ಮಾಡಿ ಪಳ್ಳಿಪ್ಪುರಂ ಇದೆಯಾ ಅಂತ ಕೇಳಿ. ನಾಲ್ಕು ಜನ ಕೇಳಿದ್ರೆ ಐದನೆಯವನಿಗೆ ಅವರೇ ಸೇರಿಸಿ ಕೊಡ್ತಾರೆ.

ಪತ್ರ ಉದ್ದ ಆಯ್ತು ಅಂತ ಗೊತ್ತು. ಜಾಗ ಇಲ್ಲ ಅಂದ್ರೆ ನನ್ನ ಮಂಡಿ ನೋವಿನ ವಿಷಯ, ವಾಸ್ಕೋ ಡ ಗಾಮನ ವಿಷಯ ಕತ್ತರಿಸಿ ಹಾಕಿ, ಪಳ್ಳಿಪ್ಪುರಂದು ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಹಳೇ ಓದುಗ,
ಉತ್ತರ ಕನ್ನಡ