ಲಂಡನ್ನಿನ ಹಡಗು ಕಟ್ಟಿದೆ, ನಮ್ಮ ಮಂಜಿ ಕಟ್ಟಲಾಗಲಿಲ್ಲ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳು ಮೊಬೈಲ್ ಬಿಟ್ಟು ಏನೇನು ಮಾಡಬಹುದು ಅಂತ ನಿಮ್ಮ ಪುರವಣಿಯಲ್ಲಿ ಬಂದದ್ದನ್ನು ಓದಿದೆ. ಹಡಗಿನ ಮಾದರಿ ಕಟ್ಟುವುದರ ಬಗ್ಗೆ ಅದರಲ್ಲಿ ಒಂದೇ ಸಾಲು ಇತ್ತು, ಅದೂ ಬೆಂಕಿಕಡ್ಡಿ ಅಂಟಿಸುವ ಕೆಲಸದ ಜೊತೆ ಸೇರಿಸಿ. ಬೇಜಾರಿಲ್ಲ. ಆದರೆ ನಾಲ್ಕು ವರ್ಷ ಅದೇ ಕೆಲಸದಲ್ಲಿ ಕಣ್ಣು ಹಾಳು ಮಾಡಿಕೊಂಡವನು ನಾನು, ಸ್ವಲ್ಪ ಹೇಳಲಿಕ್ಕಿದೆ.

ನನ್ನ ಮನೆ ಬೋಳೂರಿನಲ್ಲಿ. ಸುಲ್ತಾನ್ ಬತ್ತೇರಿಗೆ ನಡೆದೇ ಹೋಗಬಹುದು. ಗುರುಪುರ ಹೊಳೆಯೊಳಗೆ ಯುದ್ಧನೌಕೆ ನುಗ್ಗಬಾರದು ಅಂತ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಬುರುಜು ಅದು. ನಿವೃತ್ತಿಯಾಗುವವರೆಗೆ ಲೇತ್ ಮೆಷಿನ್ ಮುಂದೆ ನಿಂತವನು, ಆಮೇಲೆ ಸುಮ್ನೆ ಕೂರಲಾಗಲಿಲ್ಲ. ಬ್ರಿಟಿಷರ ‘ವಾರಿಯರ್’ ಅನ್ನುವ ಯುದ್ಧದ ಹಡಗನ್ನು ನೂರರಲ್ಲಿ ಒಂದು ಅಳತೆಗೆ ಕಟ್ಟಲು ಕೂತೆ. 1860ರ ಡಿಸೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ನೀರಿಗಿಳಿದದ್ದು. ಉದ್ದ 420 ಅಡಿ, ಅಂದರೆ ನನ್ನದು ನಾಲ್ಕು ಅಡಿಗಿಂತ ಒಂದಿಷ್ಟು ಜಾಸ್ತಿ. ಊಟದ ಮೇಜು ಹೋಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ.

ಆ ಹಡಗೇ ಯಾಕೆ ಅಂದರೆ, ಅದು ಹಾಯಿ ಮತ್ತು ಹಬೆ ಎರಡರಲ್ಲೂ ಹೋಗುತ್ತಿತ್ತು. ಆಗಿನ ಹಬೆ ಎಂಜಿನ್ನು ಕಲ್ಲಿದ್ದಲು ನುಂಗುವ ರೀತಿಗೆ ದೂರದ ಪ್ರಯಾಣಕ್ಕೆ ಅದೊಂದನ್ನೇ ನಂಬಿದರೆ ನಡುನೀರಲ್ಲಿ ಕೂರಬೇಕಿತ್ತು. ಹಾಗಾಗಿ ಹಾಯಿ ಕಟ್ಟಲು ಮೂರು ಕೂವೆಕಂಬ, ಅವುಗಳ ನಡುವೆ ಎರಡು ಹೊಗೆಕೊಳವೆ. ವೇಗ ಹಾಯಿಯಲ್ಲಿ 13 ನಾಟ್ (ಗಂಟೆಗೆ 13 ಕಡಲ ಮೈಲಿ), ಹಬೆಯಲ್ಲಿ 14, ಎರಡೂ ಕೂಡಿದರೆ 17. ಬರೀ ಹಾಯಿಯಲ್ಲಿ ಹೋಗುವಾಗ ಹೊಗೆಕೊಳವೆಯನ್ನು ಹಳೇ ರೇಡಿಯೋದ ಏರಿಯಲ್ ಒಳಗೆ ತಳ್ಳಿದ ಹಾಗೆ ಕೆಳಗಿಳಿಸುತ್ತಿದ್ದರು. ನೀರಲ್ಲಿ ಸುಮ್ನೆ ಎಳೆದುಕೊಂಡು ಬರುವ ಪ್ರೊಪೆಲ್ಲರನ್ನು, ನಮ್ಮ ಬೋಟಿನವರು ಫ್ಯಾನ್ ಅನ್ನುತ್ತಾರಲ್ಲ ಅದನ್ನು, ಮೇಲಕ್ಕೆ ಎತ್ತಿಡುತ್ತಿದ್ದರು. ಎತ್ತಲು 600 ಜನ ಹಗ್ಗ ಹಿಡಿಯಬೇಕಿತ್ತಂತೆ! ನನ್ನದರಲ್ಲಿ ಒಂದು ಬೆರಳು ಸಾಕು, ಹಿತ್ತಾಳೆಯಲ್ಲಿ ಮಾಡಿದ್ದೇನೆ, ಏರುತ್ತದೆ ಇಳಿಯುತ್ತದೆ. ಹೊಗೆಕೊಳವೆಯೂ ಇಳಿಯುತ್ತದೆ, ಆದರೆ ಮಳೆಗಾಲದಲ್ಲಿ ಸ್ವಲ್ಪ ಹಿಡಿಯುತ್ತದೆ.

ಫಿರಂಗಿ ಒಟ್ಟು 40. ಲೇತಿನಲ್ಲಿ ಒಂದೊಂದೇ ತಿರುಗಿಸಿದ್ದು. ಹೆಚ್ಚಿನವು ಪಕ್ಕದ ಕಿಂಡಿಯೊಳಗೆ ಕೂರುವುದರಿಂದ ಹೊರಗೆ ಕಾಣುವುದು ಬಾಯಿ ಮಾತ್ರ, ಅರ್ಧ ಮಾಡಿದ್ದರೂ ನಡೆಯುತ್ತಿತ್ತು. ಅದು ಗೊತ್ತಾದದ್ದು 22 ಪೂರ್ತಿ ಮುಗಿದ ಮೇಲೆ. ಹಡಗಿನ ನಡುಭಾಗಕ್ಕೆ ನಾಲ್ಕೂವರೆ ಇಂಚಿನ ಕಬ್ಬಿಣದ ರಕ್ಷೆ, ಅದರ ಹಿಂದೆ 18 ಇಂಚು ಸಾಗುವಾನಿ. ನನ್ನ ಅಳತೆಯಲ್ಲಿ ಕಬ್ಬಿಣ ಒಂದು ಮಿಲಿಮೀಟರ್ ಚಿಲ್ಲರೆ, ಮರ ನಾಲ್ಕೂವರೆ ಮಿಲಿಮೀಟರ್. ಕಾಣದ ಜಾಗ ಅಂತ ಪ್ಲೈವುಡ್ ಹಾಕಬಹುದಿತ್ತು. ಹಾಕಲಿಲ್ಲ. ಪೀಠೋಪಕರಣ ಮಾಡುವಲ್ಲಿ ಬಿದ್ದಿದ್ದ ಸಾಗುವಾನಿ ಚೂರನ್ನೇ ತಂದೆ.

ಜೀವ ತೆಗೆದದ್ದು ಹಗ್ಗ. ಕೂವೆಕಂಬವನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ಹಗ್ಗಗಳಿಗೆ ಅಡ್ಡಡ್ಡ ಸಣ್ಣ ಹಗ್ಗ ಕಟ್ಟಿ ಏಣಿ ಮಾಡಿರುತ್ತಾರೆ, ನಾವಿಕರು ಹತ್ತಲಿಕ್ಕೆ. ಅಸಲಿನಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಹೆಚ್ಚುಕಮ್ಮಿ ಒಂದೂಕಾಲು ಅಡಿ, ನನ್ನಲ್ಲಿ 4 ಮಿಲಿಮೀಟರ್. ಪ್ರತಿ ಕೂಡುವಲ್ಲಿ ಒಂದು ಗಂಟು. ಇಕ್ಕುಳ ಹಿಡಿದು ದಿನಕ್ಕೆ ಇಪ್ಪತ್ತು ಗಂಟು ಹಾಕುತ್ತಿದ್ದೆ. ಒಮ್ಮೆ ಮಲ್ಪೆಯಲ್ಲಿ ಬಲೆ ಸರಿ ಮಾಡುತ್ತಿದ್ದ ಒಬ್ಬರಿಗೆ ಇದನ್ನು ಹೇಳಿದೆ. ಅವರು ನಕ್ಕು, “ಎಂತ ಮಾರಾಯ್ರೆ, ಇದು ಬಲೆಯನ್ನು ದಪ್ಪ ಹಗ್ಗಕ್ಕೆ ಕಟ್ಟುವ ಗಂಟೇ ಅಲ್ವಾ” ಅಂತ ಎಡಗೈಯ ಎರಡು ಬೆರಳಲ್ಲಿ ಹಾಕಿ ತೋರಿಸಿದರು. ಎರಡು ಸುತ್ತು, ಎರಡನೆಯದರ ಅಡಿಯಿಂದ ತುದಿ ಹೊರಗೆ, ಎಳೆದರೆ ಮುಗಿಯಿತು. ಇಕ್ಕುಳ ಅಂದೇ ಡಬ್ಬಕ್ಕೆ ಹೋಯಿತು.

ಇನ್ನೊಂದು ಪಾಠ ನಮ್ಮ ಜೂನ್ ಕಲಿಸಿತು. ಮೊದಲು ಹತ್ತಿಯ ದಾರ ಹಾಕಿದ್ದೆ. ಮಳೆ ಹಿಡಿದ ವಾರದಲ್ಲಿ ದಾರವೆಲ್ಲ ತೇವಕ್ಕೆ ಬಿಗಿದು ಮುಂದಿನ ಕಂಬದ ತುದಿ ಬಿಲ್ಲಿನ ಹಾಗೆ ಬಾಗಿತು. ಎಲ್ಲ ಕತ್ತರಿಸಿ, ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಉಜ್ಜಿ ಮತ್ತೆ ಕಟ್ಟಿದೆ. ಏಳು ತಿಂಗಳು.

ಮುಗಿದ ಮೇಲೆ ಒಂದು ಶಾಲೆಯ ಪ್ರದರ್ಶನದಲ್ಲಿ ಇಟ್ಟಿದ್ದೆ. ನೋಡಲು ಬಂದ ದೊಡ್ಡವರೊಬ್ಬರು ಕೇಳಿದ್ದು ಎರಡೇ ಪ್ರಶ್ನೆ: ತೇಲುತ್ತದಾ, ರಿಮೋಟ್ ಉಂಟಾ. ಮಕ್ಕಳೇ ವಾಸಿ. ಒಬ್ಬಳು ಹುಡುಗಿ ಬಂದು, “ಅಜ್ಜ, ಇಷ್ಟು ಸರಿಯಾಗಿ ಅಳತೆ ಹೇಗೆ ಗೊತ್ತಾಯ್ತು?” ಅಂತ ಕೇಳಿದಳು. ಈ ಪತ್ರ ಬರೆಸಿದ್ದೇ ಆ ಪ್ರಶ್ನೆ.

ಗೊತ್ತಾದದ್ದು, ಅವರು ಬರೆದಿಟ್ಟಿದ್ದಾರೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ನಕ್ಷೆ ರಾಶಿಗಟ್ಟಲೆ ಗ್ರೀನಿಚ್‌ನ ಮ್ಯೂಸಿಯಂನಲ್ಲಿ ಇವೆ. ಹಡಗೂ ಇದೆ. ಒಂದು ಯುದ್ಧದಲ್ಲೂ ಗುಂಡು ಹಾರಿಸದ, 1929ರಿಂದ ಐವತ್ತು ವರ್ಷ ಎಣ್ಣೆ ತುಂಬುವ ಜೆಟ್ಟಿಯಾಗಿ ಬಿದ್ದಿದ್ದ ಆ ಹಡಗನ್ನು 1979ರಲ್ಲಿ ಎಳೆದುಕೊಂಡು ಹೋಗಿ, ಎಂಟು ವರ್ಷ ದುರಸ್ತಿ ಮಾಡಿ, 1987ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನಿಲ್ಲಿಸಿದರು.

ಇದಾದ ಮೇಲೆ ನಾನು ಕಟ್ಟಬೇಕು ಅಂದುಕೊಂಡದ್ದು ಮಂಗಳೂರು ಬಂದರಿನ ಮಂಜಿ, ಅಂದರೆ ಸಾಮಾನು ಸಾಗಿಸುವ ಮರದ ಹಡಗು. ನಮ್ಮಜ್ಜ ಬಂದರಿನಲ್ಲಿ ಮಂಜಿಗೆ ಹೆಂಚು ಹೇರುತ್ತಿದ್ದವರು. ಹಾಯಿ ಇದ್ದ ಮಂಜಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದರು, ಕಂಬ ಹಾಗೇ ಉಳಿಸಿಕೊಂಡರು. ವಾರಿಯರ್ ಮಾಡಿದ್ದೂ ಅದನ್ನೇ ಅಲ್ವಾ, ಒಂದನ್ನು ಪೂರ್ತಿ ನಂಬದೆ ಎರಡನ್ನೂ ಇಟ್ಟುಕೊಂಡದ್ದು. ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಇಂಥವು ಬಂದರಿನಿಂದ ಹೋಗುವುದನ್ನು ಇಂದಿಗೂ ನೋಡುತ್ತೇವೆ. ಆದರೆ ಹಾಯಿ ಕಾಲದ ಒಂದು ಮಂಜಿಯ ನಕ್ಷೆ ಬೇಕು ಅಂತ ಎರಡು ವರ್ಷ ಸುತ್ತಿದೆ, ಕೈಗೆ ಸಿಕ್ಕಿದ್ದು ನಾಲ್ಕು ಮಸುಕು ಫೋಟೋ. ಕಟ್ಟುತ್ತಿದ್ದ ಆಚಾರಿಗಳು ಕಾಗದದಲ್ಲಿ ಗೀಟು ಹಾಕಿದವರಲ್ಲ, ಅಳತೆ ಇದ್ದದ್ದು ಅವರ ಕೈಯಲ್ಲಿ. ಕಂಬ ಎಷ್ಟು ಮುಂದಕ್ಕೆ ಬಾಗಿರಬೇಕು, ಒಳಗಿನ ಪಕ್ಕೆಮರ ಎಷ್ಟು ದೂರಕ್ಕೊಂದು, ಯಾವುದಕ್ಕೆ ಯಾವ ಮರ, ಇದನ್ನೆಲ್ಲ ಬಾಯಲ್ಲಿ ಹೇಳಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೆ?

ಜಿಲ್ಲೆಯಲ್ಲಿ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರಾಜೆಕ್ಟ್ ಅಂತ ಮಕ್ಕಳು ಹಣ ಕೊಟ್ಟು ಏನೇನೋ ತರುತ್ತಾರೆ. ಅದರ ಬದಲು ನಾಲ್ಕು ಮಕ್ಕಳು ಒಂದು ಹಳೇ ಮಂಜಿಯನ್ನು ಅಡಿಯಿಂದ ಮುಡಿವರೆಗೆ ಅಳೆದು ನಕ್ಷೆ ಮಾಡಲಿ. ಆಚಾರಿಗಳ ಮಾತನ್ನು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳಲಿ. ನಕ್ಷೆಯ ಒಂದು ಪ್ರತಿ ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಇಡಬಹುದು. ಮಾದರಿ ಬೇಕಾದರೆ ನಾನು ಕಟ್ಟಿಕೊಡುತ್ತೇನೆ, ದುಡ್ಡು ಬೇಡ.

ಮಳೆ ಶುರುವಾಗುವ ಮೊದಲು ದಡಕ್ಕೆ ಹತ್ತಿಸಿದ ಹಡಗಿನ ಅಡಿಭಾಗ ಅಳೆಯುವುದು ಸುಲಭ. ಟೇಪ್ ನನ್ನಲ್ಲಿದೆ, ಇನ್ನೊಂದು ತುದಿ ಹಿಡಿಯಲಿಕ್ಕೆ ಜನ ಬೇಕು.

ಇತಿ,
ಒಬ್ಬ ಹಳೇ ಓದುಗ
ಬೋಳೂರು, ಮಂಗಳೂರು